ಮೆಣಸಿನಕಾಯಿಯ ಬಣ್ಣ, ಯಂತ್ರದ ಓದು ಮತ್ತು ಟೆಂಡರಿನ ಗಡಿಯಾರ

ಶಿಗ್ಗಾಂವಿ ತಾಲ್ಲೂಕಿನ ದುಂಡಸಿ, ಅದರ ಸುತ್ತಲಿನ ಹಾನಗಲ್, ಸವಣೂರು, ಹಿರೇಕೆರೂರು ಭಾಗಗಳ ಸಣ್ಣ ವರ್ತಕರಿಗೆ ಬ್ಯಾಡಗಿ ಪೇಟೆ ಹೊಸದೇನಲ್ಲ. ಹಳ್ಳಿಗಳಲ್ಲಿ ಹತ್ತು ಚೀಲ ಇಲ್ಲಿ, ಇಪ್ಪತ್ತು ಚೀಲ ಅಲ್ಲಿ ಎಂದು ಮಾಲು ಕೂಡಿಸಿ ಪೇಟೆಗೆ ಒಯ್ಯುವ ಈ ವರ್ತಕನ ಬಂಡವಾಳವೆಂದರೆ ಕಣ್ಣು ಮತ್ತು ಕೈ. ಕಾಯಿಯ ಸುಕ್ಕು ನೋಡಿ, ಮುಷ್ಟಿಯಲ್ಲಿ ಹಿಸುಕಿ, ಮುರಿದು ಮೂಸಿ ದರ ಹೇಳುವ ವಿದ್ಯೆ ತಲೆಮಾರುಗಳಿಂದ ಬಂದದ್ದು. ಆದರೆ ಮಾಲು ಕೊಳ್ಳುವ ಮಸಾಲೆ ಪುಡಿಯ ಕಾರ್ಖಾನೆಯಾಗಲಿ, ಬಣ್ಣ ಮತ್ತು ಸತ್ವ ತೆಗೆಯುವ ಓಲಿಯೋರೆಸಿನ್ ಘಟಕವಾಗಲಿ ಇಂದು ಕಣ್ಣನ್ನು ನಂಬಿ ಹಣ ಕೊಡುವುದಿಲ್ಲ. ಅವರು ಕೇಳುವುದು ಒಂದು ಸಂಖ್ಯೆಯನ್ನು. ಅದೇ ಆಸ್ಟಾ ಬಣ್ಣದ ಮೌಲ್ಯ.

ಈ ಸಂಖ್ಯೆ ಪ್ರಯೋಗಾಲಯದಿಂದ ಬರುವುದು ಬಹುತೇಕ ಸಂದರ್ಭಗಳಲ್ಲಿ ಮಾಲು ಕೈಬಿಟ್ಟ ಮೇಲೆ. ವರ್ತಕನು ಒಂದು ಅಂದಾಜಿನ ಮೇಲೆ ದರ ನಮೂದಿಸುತ್ತಾನೆ. ಕಾರ್ಖಾನೆಯ ಗೇಟಿನಲ್ಲಿ ಬೇರೊಂದು ಸಂಖ್ಯೆ ಹೊರಬೀಳುತ್ತದೆ. ವ್ಯತ್ಯಾಸದ ಕಡಿತ ಅವನ ಬಿಲ್ಲಿನಲ್ಲಿ ಕಾಣಿಸಿಕೊಳ್ಳುತ್ತದೆ. ಆದ್ದರಿಂದ "ಪ್ರಯೋಗಾಲಯ ಬೇಗ ವರದಿ ಕೊಡಬೇಕು, ಅದಕ್ಕಾಗಿ ಹೊಸ ಯಂತ್ರ ತರಬೇಕು" ಎಂಬ ಬೇಡಿಕೆ ವರ್ತಕರ ಸಭೆಗಳಲ್ಲಿ ಕೇಳಿಬರುವುದು ಸಹಜ. ಬೇಡಿಕೆಯ ಮೊದಲರ್ಧ ಸಂಪೂರ್ಣ ನ್ಯಾಯವಾದದ್ದು. ಉಳಿದರ್ಧದ ಬಗ್ಗೆ ಮಾತ್ರ, ಚೆಕ್ ಪುಸ್ತಕ ತೆರೆಯುವ ಮುನ್ನ ಒಮ್ಮೆ ಗಡಿಯಾರ ನೋಡುವುದು ಲೇಸು.

ಹದಿನಾರು ಗಂಟೆಯ ನೆನೆ, ಕ್ಷಣಮಾತ್ರದ ಓದು

ಆಸ್ಟಾ ಎಂಬುದು ಅಮೆರಿಕದ ಮಸಾಲೆ ವ್ಯಾಪಾರಿಗಳ ಸಂಘದ ಹೆಸರಿನ ಸಂಕ್ಷೇಪ. ಆ ಸಂಘ ರೂಪಿಸಿದ ವಿಧಾನವನ್ನೇ ಜಗತ್ತಿನ ಮೆಣಸಿನಕಾಯಿ ವ್ಯಾಪಾರ ಅನುಸರಿಸುತ್ತಿದೆ. ವಿಧಾನ ಸರಳವಾದದ್ದು. ನುಣ್ಣಗೆ ಬೀಸಿದ ಪುಡಿಯನ್ನು ೭೦ರಿಂದ ೧೦೦ ಮಿಲಿಗ್ರಾಂನಷ್ಟು ನಿಖರವಾಗಿ ತೂಗಿ, ೧೦೦ ಮಿಲಿಲೀಟರ್ ಅಳತೆಯ ಗಾಜಿನ ಪಾತ್ರೆಯಲ್ಲಿ ಅಸಿಟೋನಿನೊಡನೆ ಬೆರೆಸಿ, ಬಿಗಿಯಾಗಿ ಮುಚ್ಚಿ, ಕತ್ತಲಲ್ಲಿ ೧೬ ಗಂಟೆ ಬಿಡಬೇಕು. ಬಳಿಕ ತಿಳಿಯಾದ ದ್ರಾವಣವನ್ನು ಸ್ಪೆಕ್ಟ್ರೋಫೋಟೋಮೀಟರ್ ಎಂಬ ಯಂತ್ರದಲ್ಲಿಟ್ಟು, ೪೬೦ ನ್ಯಾನೋಮೀಟರ್ ತರಂಗಾಂತರದ ಬೆಳಕನ್ನು ಅದು ಎಷ್ಟು ಹೀರುತ್ತದೆ ಎಂದು ಅಳೆಯಬೇಕು. ಹೀರಿಕೆಯ ಅಂಕಿಯನ್ನು ೧೬.೪ರಿಂದ ಹಾಗೂ ಆ ಯಂತ್ರದ ತಿದ್ದುಪಡಿ ಗುಣಕದಿಂದ ಗುಣಿಸಿ, ಗ್ರಾಂನಲ್ಲಿ ಬರೆದ ತೂಕದಿಂದ ಭಾಗಿಸಿದರೆ ಬಣ್ಣದ ಮೌಲ್ಯ ದೊರೆಯುತ್ತದೆ.

ಗುಣಕ ೧ ಎಂದಿಟ್ಟುಕೊಂಡು ಒಂದು ಲೆಕ್ಕ ಹಾಕಬಹುದು. ಪುಡಿಯ ತೂಕ ೦.೦೮೦ ಗ್ರಾಂ, ಹೀರಿಕೆ ೦.೬೦ ಆದರೆ ಬಣ್ಣದ ಮೌಲ್ಯ ೧೨೩. ಹೀರಿಕೆಯಲ್ಲಿ ೦.೦೧ರಷ್ಟು ವ್ಯತ್ಯಾಸವಾದರೆ ಮೌಲ್ಯದಲ್ಲಿ ಎರಡು ಅಂಕ ಏರುಪೇರಾಗುತ್ತದೆ. ಒಂದು ಅಂಕಕ್ಕೆ ಕಿಲೋಗೆ ಒಂದು ರೂಪಾಯಿ ಕಡಿತವೆಂಬ ಒಪ್ಪಂದವಿದೆಯೆಂದು ಊಹಿಸಿದರೆ, ಹತ್ತು ಕ್ವಿಂಟಲ್ ಮಾಲಿನ ಮೇಲೆ ಆ ಸಣ್ಣ ವ್ಯತ್ಯಾಸದ ಬೆಲೆ ಎರಡು ಸಾವಿರ ರೂಪಾಯಿ. ಅಳತೆಯ ವೇಗದ ಪ್ರಶ್ನೆಯನ್ನು ನಿಖರತೆಯ ಪ್ರಶ್ನೆಯಿಂದ ಬೇರ್ಪಡಿಸಲಾಗದು ಎಂಬುದಕ್ಕೆ ಇಷ್ಟೇ ಸಾಕು.

ಹದಿನಾರು ಗಂಟೆ ನೆನೆಯಲೇಬೇಕಾದ ಮಾದರಿಗೆ ಯಂತ್ರದಲ್ಲಿ ಐದು ನಿಮಿಷ ಹಿಡಿದರೇನು, ಐದು ಸೆಕೆಂಡು ಹಿಡಿದರೇನು ಎಂದು ಯಾರಾದರೂ ಕೇಳಬಹುದು. ಒಂದೇ ಮಾದರಿಯಾದರೆ ಈ ಪ್ರಶ್ನೆ ಸರಿ. ಸುಗ್ಗಿಯ ದಿನಗಳಲ್ಲಿ ಮಾದರಿಗಳ ಸಾಲು ನಿಂತಾಗ ಲೆಕ್ಕ ಬೇರೆಯಾಗುತ್ತದೆ.

ಅರವತ್ತು ಪಾತ್ರೆಗಳ ಲೆಕ್ಕ

ಒಂದು ಮಧ್ಯಾಹ್ನ ಅರವತ್ತು ಮಾದರಿಗಳು ಬಂದಿವೆ ಎಂದು ಭಾವಿಸಬಹುದು. ತೂಗಿ ಅಸಿಟೋನ್ ತುಂಬಲು ಪ್ರತಿಯೊಂದಕ್ಕೆ ಎರಡು ನಿಮಿಷವೆಂದರೆ, ಮೂರು ಗಂಟೆಗೆ ಆರಂಭಿಸಿದ ಕೆಲಸ ಐದಕ್ಕೆ ಮುಗಿಯುತ್ತದೆ. ಮೊದಲ ಪಾತ್ರೆಯ ೧೬ ಗಂಟೆ ಮರುದಿನ ಬೆಳಿಗ್ಗೆ ಏಳಕ್ಕೆ ತುಂಬುತ್ತದೆ, ಕೊನೆಯದರದ್ದು ಒಂಬತ್ತಕ್ಕೆ.

ಈಗ ಓದುವ ಕೆಲಸ. ಒಂದು ಪಾತ್ರೆಗೆ ಐದು ನಿಮಿಷ ಹಿಡಿದರೆ ಏಳಕ್ಕೆ ಕುಳಿತ ಸಿಬ್ಬಂದಿ ಏಳುವುದು ಹನ್ನೆರಡು ಗಂಟೆಗೆ. ಅಷ್ಟರೊಳಗೆ ಪೇಟೆಯಲ್ಲಿ ಖರೀದಿದಾರರು ಲಾಟುಗಳನ್ನು ನೋಡಿ, ದರವನ್ನು ಮನಸ್ಸಿನಲ್ಲಿ ನಿಶ್ಚಯಿಸಿಬಿಟ್ಟಿರುತ್ತಾರೆ. ಟೆಂಡರಿಗೆ ಸಿಗದ ವರದಿ ವರ್ತಕನಿಗೆ ಹಳೆಯ ವೃತ್ತಪತ್ರಿಕೆಯಿದ್ದಂತೆ. ಇನ್ನೊಂದು ಹಾನಿ ಕಣ್ಣಿಗೆ ಕಾಣದು: ಮೊದಲ ಪಾತ್ರೆ ಹದಿನಾರು ಗಂಟೆ ನೆನೆದಿದ್ದರೆ ಕೊನೆಯ ಪಾತ್ರೆ ಸುಮಾರು ಹತ್ತೊಂಬತ್ತು ಗಂಟೆ ನೆನೆದಿರುತ್ತದೆ. ಇಬ್ಬರು ರೈತರ ಮಾಲನ್ನು ಒಂದೇ ತಕ್ಕಡಿಯಲ್ಲಿ ತೂಗಿದಂತಾಗಲಿಲ್ಲ.

ಓದುವ ಕೆಲಸವೂ ಎರಡು ನಿಮಿಷಕ್ಕೆ ಇಳಿದರೆ ಅದು ತುಂಬಿದ ಲಯಕ್ಕೆ ಸರಿಯಾಗಿ ಹೊಂದುತ್ತದೆ. ಪ್ರತಿ ಪಾತ್ರೆಗೂ ಸರಿಯಾಗಿ ಹದಿನಾರೇ ಗಂಟೆ. ಬೆಳಿಗ್ಗೆ ಒಂಬತ್ತಕ್ಕೆ ಅರವತ್ತೂ ವರದಿಗಳು ಸಿದ್ಧ. ಗುರಿಯಾಗಿಟ್ಟುಕೊಳ್ಳಬೇಕಾದದ್ದು ಯಂತ್ರ ಸಾಧಿಸಬಲ್ಲ ಅತ್ಯಧಿಕ ವೇಗವನ್ನಲ್ಲ. ತೂಗುವ ಕೈಯ ವೇಗಕ್ಕೆ ಸಮನಾದ ಓದುವ ವೇಗವನ್ನು. ಒಂದು ಪಾತ್ರೆಯನ್ನು ಹತ್ತು ಸೆಕೆಂಡಿನಲ್ಲಿ ಓದುವ ದುಬಾರಿ ಯಂತ್ರ ಬಂದರೂ ಮಾದರಿ ಹದಿನಾರು ಗಂಟೆಗೆ ಮೊದಲು ಸಿದ್ಧವಾಗುವುದಿಲ್ಲ; ಯಂತ್ರ ಖಾಲಿ ಕುಳಿತಿರುತ್ತದೆ, ಬಡ್ಡಿ ಮಾತ್ರ ಓಡುತ್ತಿರುತ್ತದೆ.

ಐದು ನಿಮಿಷ ಹೋಗುವುದೆಲ್ಲಿ?

ಯಂತ್ರವನ್ನು ಕಂಪ್ಯೂಟರಿಗೆ ಜೋಡಿಸಿದ ಮೇಲೆ ಕೆಲಸ ನಿಧಾನವಾಯಿತೆಂಬ ದೂರು ಅಪರೂಪವಲ್ಲ. ಇದಕ್ಕೆ ಯಂತ್ರ ಹಳೆಯದೆಂದೋ ಕಂಪ್ಯೂಟರ್ ಹಳೆಯದೆಂದೋ ಕಾರಣ ಹೇಳಲಾಗುತ್ತದೆ. ಗಡಿಯಾರ ಹಿಡಿದು ನೋಡಿದರೆ ಕಾರಣ ಸಾಮಾನ್ಯವಾಗಿ ಬೇರೆಡೆ ಸಿಗುತ್ತದೆ.

ಮೊದಲನೆಯದು ಬೇಡದ ಓದು. ಬಣ್ಣದ ಮೌಲ್ಯಕ್ಕೆ ಬೇಕಾದದ್ದು ೪೬೦ ನ್ಯಾನೋಮೀಟರಿನ ಒಂದೇ ಬಿಂದು. ಆದರೆ ಯಂತ್ರ ಸ್ಥಾಪಿಸಿದ ದಿನ ಪ್ರದರ್ಶನಕ್ಕೆಂದು ಹಾಕಿದ ವ್ಯವಸ್ಥೆಯೇ ಮುಂದುವರಿದಿದ್ದರೆ ಅದು ೩೫೦ರಿಂದ ೬೦೦ರವರೆಗೆ ಪ್ರತಿ ನ್ಯಾನೋಮೀಟರಿಗೆ ಒಂದರಂತೆ ೨೫೧ ಬಿಂದುಗಳನ್ನು ಓದುತ್ತಿರಬಹುದು. ಬಿಂದುವಿಗೆ ಒಂದು ಸೆಕೆಂಡಾದರೂ ೪ ನಿಮಿಷ ೧೧ ಸೆಕೆಂಡು. ಪರದೆಯ ಮೇಲೆ ಮೂಡುವ ಬಣ್ಣದ ರೇಖಾಚಿತ್ರ ಚೆಂದ ಕಾಣುತ್ತದೆ. ಬಿಲ್ಲಿಗೆ ಅದರಿಂದ ಉಪಯೋಗವಿಲ್ಲ. ಕಲಬೆರಕೆ ಬಣ್ಣದ ಶಂಕೆಯಿದ್ದಾಗ ಇಡೀ ರೇಖೆ ನೋಡುವುದರಲ್ಲಿ ಅರ್ಥವಿದೆ. ಪ್ರತಿ ಮಾದರಿಗೂ ಬೇಕಿಲ್ಲ.

ಎರಡನೆಯದು ಕಾಯುವ ಆಜ್ಞೆಗಳು. ಕಂಪ್ಯೂಟರಿನ ಕಾರ್ಯಕ್ರಮ ಬರೆದವರು ಯಂತ್ರ ಉತ್ತರಿಸುವುದು ತಡವಾದರೆ ತೊಂದರೆಯಾದೀತೆಂದು ಪ್ರತಿ ಆಜ್ಞೆಯ ನಂತರ ಎರಡೋ ಐದೋ ಸೆಕೆಂಡು ಸುಮ್ಮನೆ ಕಾಯುವಂತೆ ಮಾಡಿರುತ್ತಾರೆ. ಯಂತ್ರ ಕೆಲಸ ಮುಗಿಸಿದೆಯೇ ಎಂದು ಕೇಳಿ, ಮುಗಿದ ಕೂಡಲೇ ಮುಂದುವರಿಯುವಂತೆ ಬರೆದರೆ ಈ ಸಮಯ ಉಳಿಯುತ್ತದೆ. ತರಂಗಾಂತರ, ಕಿಂಡಿಯ ಅಗಲ, ಸರಾಸರಿಯ ಅವಧಿ ಮೊದಲಾದ ಹೊಂದಾಣಿಕೆಗಳನ್ನು ಪ್ರತಿ ಮಾದರಿಗೂ ಮತ್ತೆ ಕಳುಹಿಸುವುದೂ ಇಂಥದೇ ವ್ಯರ್ಥ. ಬೆಳಿಗ್ಗೆ ಒಮ್ಮೆ ಹೇಳಿದರೆ ಯಂತ್ರಕ್ಕೆ ನೆನಪಿರುತ್ತದೆ.

ಮೂರನೆಯದು ತಂತಿ. ಹಳೆಯ ಸೀರಿಯಲ್ ತಂತಿ ನಿಧಾನವೆಂಬ ಆಪಾದನೆ ಸಾಮಾನ್ಯ. ಲೆಕ್ಕ ಹಾಕಿದರೆ, ೯,೬೦೦ ಬಾಡ್ ವೇಗದಲ್ಲಿ ಸೆಕೆಂಡಿಗೆ ಸುಮಾರು ೯೬೦ ಅಕ್ಷರಗಳು ಸಾಗುತ್ತವೆ. ಇಪ್ಪತ್ತು ಅಕ್ಷರಗಳ ಒಂದು ಓದು ಸೆಕೆಂಡಿನ ಐವತ್ತರಲ್ಲೊಂದು ಭಾಗದಲ್ಲಿ ಬಂದು ಸೇರುತ್ತದೆ. ೨೫೧ ಬಿಂದುಗಳ ಇಡೀ ಪಟ್ಟಿಗೂ ಐದಾರು ಸೆಕೆಂಡು ಸಾಕು. ತಂತಿ ಬದಲಿಸಲು ಹಣ ಸುರಿಯುವವರು ಮೊದಲು ಈ ಭಾಗಾಕಾರ ಮಾಡಬೇಕು.

ನಾಲ್ಕನೆಯದು ಸರಾಸರಿಯ ಅವಧಿ. ಯಂತ್ರ ಒಂದು ಓದಿಗಾಗಿ ಬೆಳಕನ್ನು ಎಷ್ಟು ಹೊತ್ತು ನೋಡುತ್ತದೆ ಎಂಬುದೇ ಇದು. ಅವಧಿಯನ್ನು ನಾಲ್ಕು ಪಟ್ಟು ಹೆಚ್ಚಿಸಿದರೆ ಓದಿನ ಯಾದೃಚ್ಛಿಕ ಅಲುಗಾಟ ಅರ್ಧಕ್ಕೆ ಇಳಿಯುತ್ತದೆ. ನಾಲ್ಕರಲ್ಲೊಂದು ಮಾಡಿದರೆ ಎರಡು ಪಟ್ಟಾಗುತ್ತದೆ. ಇಡೀ ರೇಖೆಯ ಬದಲು ಒಂದೇ ಬಿಂದುವನ್ನು ಓದುವಾಗ ನಾಲ್ಕು ಸೆಕೆಂಡು ಕೊಟ್ಟರೂ ನಷ್ಟವಿಲ್ಲ. ಅಂದರೆ ಇಲ್ಲಿ ವೇಗಕ್ಕಾಗಿ ನಿಖರತೆಯನ್ನು ಬಲಿ ಕೊಡಬೇಕಾದ ಪ್ರಸಂಗವೇ ಬರುವುದಿಲ್ಲ. ಹಳೆಯ ಪದ್ಧತಿಗಿಂತ ಹೆಚ್ಚು ಹೊತ್ತು ನೋಡಿಯೂ ನಾಲ್ಕು ನಿಮಿಷ ಉಳಿಸಬಹುದು.

ಈ ನಾಲ್ಕನ್ನು ಸರಿಪಡಿಸಿದ ಮೇಲೆ ಉಳಿಯುವುದು ಮನುಷ್ಯನ ಕೆಲಸ: ಗಾಜಿನ ಚಿಕ್ಕ ಪಾತ್ರೆಯನ್ನು ತೊಳೆಯುವುದು, ತುಂಬುವುದು, ಒರೆಸುವುದು, ಮಾದರಿಯ ಸಂಖ್ಯೆ ನಮೂದಿಸುವುದು. ಇದೆಲ್ಲ ಒಂದೂವರೆ ನಿಮಿಷದ ಮಾತು. ಸಂಖ್ಯೆಗಳನ್ನು ಹಿಂದಿನ ಸಂಜೆಯೇ ಪಟ್ಟಿ ಮಾಡಿ ಕಂಪ್ಯೂಟರಿಗೆ ತುಂಬಿಟ್ಟರೆ ಅದರಲ್ಲೂ ಸ್ವಲ್ಪ ಉಳಿಯುತ್ತದೆ. ಎರಡು ನಿಮಿಷದ ಗುರಿ ಹೀಗೆ ಹೊಸ ಯಂತ್ರವಿಲ್ಲದೆಯೇ ಕೈಗೆಟಕುತ್ತದೆ.

ನಿಧಾನವೂ ಒಂದು ದೋಷ

ನಿಧಾನವಾಗಿ ಅಳೆದರೆ ಸರಿಯಾಗಿ ಅಳೆದಂತೆ ಎಂಬ ನಂಬಿಕೆ ಈ ವಿಷಯದಲ್ಲಿ ನಿಲ್ಲುವುದಿಲ್ಲ. ಅಸಿಟೋನ್ ೫೬ ಡಿಗ್ರಿಯಲ್ಲೇ ಕುದಿಯುವ ದ್ರವ. ಮಾರ್ಚ್ ತಿಂಗಳ ಹಾವೇರಿಯ ಸೆಖೆಯಲ್ಲಿ ಮುಚ್ಚಳವಿಲ್ಲದ ಪಾತ್ರೆಯಿಂದ ಕಣ್ಣೆದುರೇ ಆರುತ್ತದೆ. ದ್ರವ ಆರಿದಷ್ಟೂ ಬಣ್ಣ ಗಟ್ಟಿಯಾಗಿ ಓದು ಮೇಲೇರುತ್ತದೆ. ಇನ್ನೊಂದೆಡೆ ಮೆಣಸಿನಕಾಯಿಯ ಕೆಂಪು ಬೆಳಕಿಗೆ ಮಾಸುವ ಗುಣದ್ದು. ಆದ್ದರಿಂದಲೇ ಕತ್ತಲಲ್ಲಿ ನೆನೆಸಬೇಕೆಂಬ ನಿಯಮ. ಐದು ನಿಮಿಷ ತೆರೆದಿಟ್ಟ ಮಾದರಿಯಲ್ಲಿ ಈ ಎರಡೂ ಕ್ರಿಯೆಗಳು ಪರಸ್ಪರ ವಿರುದ್ಧ ದಿಕ್ಕಿನಲ್ಲಿ ನಡೆಯುತ್ತಿರುತ್ತವೆ. ಕೊನೆಗೆ ಬಂದ ಸಂಖ್ಯೆಯಲ್ಲಿ ಯಾವುದರ ಪಾಲು ಎಷ್ಟೆಂದು ಹೇಳುವವರಾರು? ಬೇಗ ಓದಿದ ಮಾದರಿಯೇ ಇಲ್ಲಿ ಹೆಚ್ಚು ಪ್ರಾಮಾಣಿಕ.

ಕತ್ತರಿ ಹಾಕಬಾರದ ಜಾಗಗಳು

ವೇಗದ ಉತ್ಸಾಹದಲ್ಲಿ ಕೆಲವು ಸಂಗತಿಗಳನ್ನು ಮುಟ್ಟಬಾರದು. ನೆನೆಯುವ ೧೬ ಗಂಟೆ ಅವುಗಳಲ್ಲಿ ಮೊದಲನೆಯದು. ಅಲುಗಾಡಿಸಿಯೋ ಬಿಸಿ ಮಾಡಿಯೋ ಬೇಗ ಬಣ್ಣ ತೆಗೆಯುವ ಒಳದಾರಿಗಳು ಕಾರ್ಖಾನೆಯ ಒಳ ಉಪಯೋಗಕ್ಕೆ ನೆರವಾದಾವು. ಖರೀದಿದಾರನೊಡನೆ ಆಸ್ಟಾ ವಿಧಾನವೆಂದು ಒಪ್ಪಿಕೊಂಡು ಬೇರೆ ದಾರಿಯಲ್ಲಿ ತೆಗೆದ ಸಂಖ್ಯೆ ಕೊಟ್ಟರೆ ಅದು ಒಪ್ಪಂದದ ಉಲ್ಲಂಘನೆ. ಬೆಳಿಗ್ಗೆ ದೀಪ ಹೊತ್ತಿಸಿ ಅರ್ಧ ಗಂಟೆ ಯಂತ್ರವನ್ನು ಸ್ಥಿರಗೊಳಿಸುವುದು, ಹೀರಿಕೆಯ ಅಂಕಿ ೦.೩೦ರಿಂದ ೦.೭೦ರ ಒಳಗಿದೆಯೇ ಎಂದು ನೋಡುವುದು, ಪ್ರಮಾಣಿತ ಗಾಜಿನಿಂದಲೋ ದ್ರಾವಣದಿಂದಲೋ ಯಂತ್ರದ ಗುಣಕವನ್ನು ಪರೀಕ್ಷಿಸುವುದು ಇವು ಕೂಡ ಬಿಡುವಂಥವಲ್ಲ.

ಬರಿಯ ಅಸಿಟೋನ್ ಇಟ್ಟು ಶೂನ್ಯ ಮಾಡಿಕೊಳ್ಳುವ ಕೆಲಸವನ್ನು ಪ್ರತಿ ಮಾದರಿಗೂ ಮಾಡುವ ಬದಲು ಹತ್ತು ಮಾದರಿಗೊಮ್ಮೆ ಮಾಡಬಹುದು. ಆದರೆ ಹತ್ತರ ಕೊನೆಯಲ್ಲಿ ಶೂನ್ಯ ಜರುಗಿರುವುದು ಕಂಡರೆ ಆ ಹತ್ತನ್ನೂ ಮತ್ತೆ ಓದಬೇಕೆಂಬ ನಿಯಮವನ್ನು ಗೋಡೆಯ ಮೇಲೆ ಬರೆದಿಡಬೇಕು. ರೊಕ್ಕದ ಪೆಟ್ಟಿಗೆಯನ್ನು ಪ್ರತಿ ಗಿರಾಕಿಯ ನಂತರ ಎಣಿಸುವುದಿಲ್ಲವಾದರೂ ಸಂಜೆ ಎಣಿಸದೆ ಅಂಗಡಿ ಮುಚ್ಚುವವರಿಲ್ಲ.

ಹೊಸ ಪದ್ಧತಿಗೆ ಹೋಗುವ ಮುನ್ನ ಇಪ್ಪತ್ತು ಮಾದರಿಗಳನ್ನು ಹಳೆಯ ರೀತಿಯಲ್ಲೂ ಹೊಸ ರೀತಿಯಲ್ಲೂ ಓದಿ, ಎರಡು ಸಾಲು ಅಂಕಿಗಳನ್ನು ಪಕ್ಕಪಕ್ಕದಲ್ಲಿ ಬರೆದು, ವ್ಯತ್ಯಾಸ ನೋಡಿ, ಜವಾಬ್ದಾರರು ಸಹಿ ಮಾಡಿ ಕಡತದಲ್ಲಿಡಬೇಕು. ಪ್ರಯೋಗಾಲಯಗಳ ಮಾನ್ಯತೆಗೆ ಆಧಾರವಾದ ಐಎಸ್‌ಒ/ಐಇಸಿ ೧೭೦೨೫ರ ೨೦೧೭ರ ಆವೃತ್ತಿಯೂ ತಂತ್ರಾಂಶದಲ್ಲಿ ಬದಲಾವಣೆ ಮಾಡಿದರೆ ಬಳಕೆಗೆ ಮುನ್ನ ಅದನ್ನು ದೃಢೀಕರಿಸಬೇಕೆಂದು ಹೇಳುತ್ತದೆ. ವಿವಾದ ಎದ್ದ ದಿನ ಪ್ರಯೋಗಾಲಯದ ಕೈ ಹಿಡಿಯುವುದು ಈ ಒಂದು ಹಾಳೆ.

ಯಂತ್ರ ಖರೀದಿಯ ಲೆಕ್ಕ

ಹೊಸ ಯಂತ್ರಕ್ಕೆ ಕೆಲವು ಲಕ್ಷ ರೂಪಾಯಿ ಬೇಕು. ಸವಕಳಿ ಸಿಗುತ್ತದೆ, ಜಿಎಸ್‌ಟಿಯ ಹೂಡುವಳಿ ಜಮೆ ಸಿಗುತ್ತದೆ ಎಂಬ ಸಮಾಧಾನ ಆಗಾಗ್ಗೆ ಕೇಳಿಬರುತ್ತದೆ. ಸವಕಳಿಯೆಂಬುದು ಖರ್ಚು ಮಾಡಿದ ಹಣದ ಮೇಲೆ ತೆರಿಗೆಯಲ್ಲಿ ಸಿಗುವ ಅಲ್ಪ ಪಾಲು. ಉಳಿದದ್ದು ಮಾಲೀಕನ ಜೇಬಿನದೇ. ಯಂತ್ರ ಕೊಳ್ಳುವ ನಿರ್ಧಾರಕ್ಕೆ ಒಂದೇ ಪ್ರಶ್ನೆ ಸಾಕು: ಕೆಲಸದ ಸಾಲಿನಲ್ಲಿ ಅತ್ಯಂತ ನಿಧಾನವಾದ ಹೆಜ್ಜೆ ಇದೇ ಯಂತ್ರವೇ? ತೂಗುವ ತಕ್ಕಡಿ ಒಂದೇ ಇದ್ದು ಅಲ್ಲಿಯೇ ಸಾಲು ನಿಂತಿದ್ದರೆ, ಅಥವಾ ಗಾಜಿನ ಪಾತ್ರೆಗಳು ಮೂವತ್ತೇ ಇದ್ದರೆ, ಸ್ಪೆಕ್ಟ್ರೋಫೋಟೋಮೀಟರ್ ಎಷ್ಟು ಚುರುಕಾದರೂ ಮಧ್ಯಾಹ್ನದ ವರದಿ ಬೆಳಿಗ್ಗೆ ಬಾರದು. ಆಗ ಕೊಳ್ಳಬೇಕಾದದ್ದು ಇನ್ನೂ ಮೂವತ್ತು ಪಾತ್ರೆಗಳನ್ನು, ಇನ್ನೊಂದು ತಕ್ಕಡಿಯನ್ನು. ವಿದ್ಯುತ್ತಿನ ಏರಿಳಿತದಿಂದ ಯಂತ್ರ ಪದೇ ಪದೇ ನಿಂತು ಮತ್ತೆ ಅರ್ಧ ಗಂಟೆ ಕಾಯಿಸುವುದಾದರೆ ಒಂದು ಒಳ್ಳೆಯ ಯುಪಿಎಸ್ ಸಾಧನವೇ ಅತಿ ಲಾಭದ ಹೂಡಿಕೆ.

ಇದು ಮೆಣಸಿನಕಾಯಿಗೆ ಸೀಮಿತವಾದ ಮಾತಲ್ಲ. ವಿದ್ಯುತ್ ಬಿಡಿಭಾಗ ತಯಾರಿಸುವ ಸಣ್ಣ ಘಟಕಗಳಲ್ಲಿ ಮೇಜಿನ ಮೇಲಿನ ಡಿಜಿಟಲ್ ಮಲ್ಟಿಮೀಟರನ್ನು ಕಂಪ್ಯೂಟರಿಗೆ ಜೋಡಿಸಿ ನೂರಾರು ಬಿಡಿಭಾಗಗಳನ್ನು ಪರೀಕ್ಷಿಸುವಲ್ಲಿಯೂ ಕಥೆ ಇದೇ. ಭಾರತದ ವಿದ್ಯುತ್ತು ಸೆಕೆಂಡಿಗೆ ೫೦ ಆವರ್ತದ್ದಾದ್ದರಿಂದ ಒಂದು ಆವರ್ತಕ್ಕೆ ೨೦ ಮಿಲಿಸೆಕೆಂಡು. ಮೀಟರು ಒಂದು ಪೂರ್ಣ ಆವರ್ತದಷ್ಟು ಹೊತ್ತು ಅಳೆದರೆ ವಿದ್ಯುತ್ ತಂತಿಯ ಗದ್ದಲ ತಾನೇ ರದ್ದಾಗುತ್ತದೆ. ಹತ್ತು ಆವರ್ತಕ್ಕೆ ಹೊಂದಿಸಿಟ್ಟಿದ್ದರೆ ಒಂದಕ್ಕೆ ಇಳಿಸಬಹುದು. ಒಂದಕ್ಕಿಂತ ಕೆಳಗಿಳಿಸಿದರೆ ಗದ್ದಲ ಒಳನುಗ್ಗುತ್ತದೆ. ಅಳೆಯುವ ಮೌಲ್ಯದ ಅಂದಾಜು ಗೊತ್ತಿರುವಾಗ ಮೀಟರು ತಾನೇ ವ್ಯಾಪ್ತಿ ಹುಡುಕುವ ವ್ಯವಸ್ಥೆಯನ್ನು ನಿಲ್ಲಿಸಿ ಸ್ಥಿರ ವ್ಯಾಪ್ತಿ ಕೊಡುವುದು, ಓದುಗಳನ್ನು ಒಂದೊಂದಾಗಿ ಕೇಳದೆ ಮೀಟರಿನ ಸ್ಮೃತಿಯಲ್ಲಿ ಕೂಡಿಸಿ ಒಟ್ಟಿಗೆ ತರಿಸಿಕೊಳ್ಳುವುದು ಇವೆಲ್ಲ ಕೈಪಿಡಿಯಲ್ಲಿ ಮುದ್ರಿತವಾಗಿರುವ ಉಪಾಯಗಳೇ. ಆ ಪುಸ್ತಕ ಮಾತ್ರ ಬಹಳ ಕಡೆ ಬೀರುವಿನಲ್ಲಿ ಬೀಗ ಹಾಕಿ ಭದ್ರವಾಗಿರುತ್ತದೆ.

ಸಂಖ್ಯೆ ಮೊದಲು, ದರ ನಂತರ

ಬ್ಯಾಡಗಿ ಮೆಣಸಿನಕಾಯಿಗೆ ೨೦೧೧ರಲ್ಲಿ ಭೌಗೋಳಿಕ ಸೂಚಿಕೆಯ ಮಾನ್ಯತೆ ದೊರೆಯಿತು. ಖಾರ ಕಡಿಮೆ, ಬಣ್ಣ ಹೆಚ್ಚು ಎಂಬುದೇ ಅದರ ಕೀರ್ತಿ. ಇಂದು ಆ ಪೇಟೆಗೆ ಬಳ್ಳಾರಿ, ರಾಯಚೂರು, ಆಂಧ್ರದ ಕರ್ನೂಲು ಕಡೆಗಳಿಂದಲೂ ಮಾಲು ಬರುತ್ತದೆ. ಹಲವು ನೆಲದ, ಹಲವು ತಳಿಯ ಕಾಯಿ ಒಂದೇ ಅಂಗಳದಲ್ಲಿ ಕೂಡಿದಾಗ ಬಣ್ಣದ ವ್ಯತ್ಯಾಸವನ್ನು ಕಣ್ಣಿನಿಂದ ನಿರ್ಧರಿಸುವುದು ಹಿಂದಿಗಿಂತ ಕಷ್ಟ. ೨೦೨೪ರ ಮಾರ್ಚ್ ೧೧ರಂದು ದರ ಕುಸಿತದಿಂದ ರೊಚ್ಚಿಗೆದ್ದ ರೈತರು ಅಲ್ಲಿನ ಎಪಿಎಂಸಿ ಕಚೇರಿಗೆ ನುಗ್ಗಿ ವಾಹನಗಳಿಗೆ ಬೆಂಕಿ ಹಚ್ಚಿದ ಘಟನೆಯನ್ನು ಈ ಭಾಗದ ವರ್ತಕರು ಮರೆತಿಲ್ಲ. ಬಣ್ಣದ ವರದಿ ಬೇಗ ಬಂದಿದ್ದರೆ ಅದು ತಪ್ಪುತ್ತಿತ್ತೆಂದು ಹೇಳುವುದು ಅತಿಶಯೋಕ್ತಿ. ಆವಕ ಮತ್ತು ಬೇಡಿಕೆಯ ಏರಿಳಿತವನ್ನು ಯಾವ ಯಂತ್ರವೂ ತಡೆಯದು. ಆದರೆ ದರ ಇಳಿದ ದಿನ, ತನ್ನ ಮಾಲಿಗೆ ಇಂತಿಷ್ಟೇ ಏಕೆ ಎಂದು ಕೇಳುವವನಿಗೆ ತೋರಿಸಲು ಒಂದು ಕಾಗದವಾದರೂ ಇರಬೇಕು. ಆ ಕಾಗದ ದರ ಕೂಗಿದ ಮರುದಿನ ಬಂದರೆ ಅನುಮಾನವನ್ನು ಹೆಚ್ಚಿಸುತ್ತದೆಯೇ ಹೊರತು ಕಳೆಯುವುದಿಲ್ಲ.

ದೊಡ್ಡ ಖರೀದಿದಾರರಿಗೆ ತಮ್ಮದೇ ಪ್ರಯೋಗಾಲಯಗಳಿವೆ. ಅವರಿಗೆ ಈ ಕಾಗದ ಬೇಡ ಎಂಬ ಆಕ್ಷೇಪವಿದೆ. ಕಾಗದ ಬೇಕಾದದ್ದು ಅವರಿಗಲ್ಲ, ಅವರೆದುರು ನಿಲ್ಲುವ ದುಂಡಸಿಯ ಸಣ್ಣ ವರ್ತಕನಿಗೆ. ಒಂದು ಕಡೆಯವರ ಕೈಯಲ್ಲಿ ಮಾತ್ರ ಅಳತೆಯಿರುವ ವ್ಯವಹಾರದಲ್ಲಿ ಇನ್ನೊಂದು ಕಡೆಯವರಿಗೆ ಉಳಿಯುವುದು ಒಪ್ಪಿಗೆಯಷ್ಟೇ.

ವಾಣಿಜ್ಯ ಸಂಸ್ಥೆ ಮಾಡಬಹುದಾದದ್ದು

ಮೂರು ಕಾರ್ಯಗಳು ಹೆಚ್ಚಿನ ಖರ್ಚಿಲ್ಲದೆ ಸಾಧ್ಯ. ಮೊದಲನೆಯದಾಗಿ, ಸದಸ್ಯರು ಉಪಯೋಗಿಸುವ ಪ್ರಯೋಗಾಲಯಗಳಲ್ಲಿ ಒಂದು ವಾರ ಕಾಲ ಪ್ರತಿ ಮಾದರಿಯ ಸಮಯಪಟ್ಟಿ ಬರೆಸಬೇಕು: ಬಂದದ್ದು, ತೂಗಿದ್ದು, ನೆನೆಯಿಟ್ಟದ್ದು, ಓದಿದ್ದು, ವರದಿ ಕೊಟ್ಟದ್ದು. ನಿಮಿಷಗಳು ಎಲ್ಲಿ ಸೋರುತ್ತಿವೆಯೆಂದು ಆ ಪಟ್ಟಿಯೇ ಹೇಳುತ್ತದೆ. ಎರಡನೆಯದಾಗಿ, ಟೆಂಡರಿನ ಹಿಂದಿನ ದಿನ ಮಧ್ಯಾಹ್ನ ಮೂರರಿಂದ ಐದರೊಳಗೆ ಮಾದರಿ ಸ್ವೀಕರಿಸಿ ಮರುದಿನ ಒಂಬತ್ತಕ್ಕೆ ವರದಿ ಕೊಡುವ ವೇಳಾಪಟ್ಟಿಯನ್ನು ಪ್ರಯೋಗಾಲಯಗಳೊಡನೆ ಮಾತನಾಡಿ ಗೊತ್ತುಪಡಿಸಬೇಕು; ತಡವಾಗಿ ತಂದ ಮಾದರಿಗೆ ಯಾರ ಮುಲಾಜೂ ಸಲ್ಲದು. ಮೂರನೆಯದಾಗಿ, ವರದಿಯಲ್ಲಿ ಬಣ್ಣದ ಮೌಲ್ಯದ ಜೊತೆಗೆ ಪುಡಿಯ ತೂಕ, ನೆನೆದ ಗಂಟೆಗಳು ಮತ್ತು ಓದಿದ ವೇಳೆಯನ್ನು ಮುದ್ರಿಸುವಂತೆ ಕೇಳಬೇಕು. ಈ ಮೂರು ಅಂಕಿಗಳಿದ್ದರೆ ಎರಡು ಪ್ರಯೋಗಾಲಯಗಳ ವರದಿ ಬೇರೆಯಾದಾಗ ವಾದಕ್ಕೆ ಕುಳಿತವರು ಒಂದೇ ಹಾಳೆಯಿಂದ ಆರಂಭಿಸಬಹುದು.

ಇಷ್ಟೆಲ್ಲ ಮಾಡಿದ ಮೇಲೂ ಬೆಳಿಗ್ಗೆ ಒಂಬತ್ತಕ್ಕೆ ವರದಿ ಸಿದ್ಧವಾಗದಿದ್ದರೆ, ಆಗ ಹೊಸ ಯಂತ್ರದ ದರಪಟ್ಟಿ ತರಿಸುವುದು ಯೋಗ್ಯ. ಅಷ್ಟರಲ್ಲಿ ಯಾವ ಯಂತ್ರ ಬೇಕು, ಎಷ್ಟು ವೇಗದ್ದು ಬೇಕು ಎಂಬುದಕ್ಕೆ ಮಾರಾಟಗಾರರ ಮಾತಿಗಿಂತ ಗಟ್ಟಿಯಾದ ಆಧಾರ ಸದಸ್ಯರ ಕೈಯಲ್ಲೇ ಇರುತ್ತದೆ.